ಅರ್ಧ ಫೀಸಿನ ಗುಟ್ಟು

ಕಳೆದ ಭಾನುವಾರ ಗೆಳತಿಯ ಮನೆಯಲ್ಲಿ ಕೂತು, ಅವಳೇ ಮಾಡಿಕೊಟ್ಟ ಕಾಫಿ ಕುಡಿಯುತ್ತಾ, ಅವಳಿಗೇ ಸಲೀಸಾಗಿ ಒಂದು ಸುಳ್ಳು ಹೇಳಿದೆ.

ಗೆಳತಿ ಸುಮಿತ್ರಾ. ಮನೆ ಭದ್ರಾವತಿಯ ಕಾಗದನಗರದಲ್ಲಿ. ಗಂಡ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಮಗಳು ವರ್ಷಾಗೆ ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂದಿದೆ, ಬಿ.ಎಸ್ಸಿ. ನರ್ಸಿಂಗ್ ಓದಬೇಕೆಂಬ ಆಸೆ. ಟೀಪಾಯಿ ತುಂಬಾ ಕಾಲೇಜುಗಳ ಬ್ರೋಷರ್. (ಎಲ್ಲದರ ಮೇಲೂ ಸ್ಟೆತಸ್ಕೋಪ್ ಹಾಕಿಕೊಂಡು ನಗುವ ಹುಡುಗಿ. ಫೀಸಿನ ವಿಷಯ ಮಾತ್ರ ಒಂದರಲ್ಲೂ ಇಲ್ಲ.)

“ನಿನ್ನ ಮೇಘಾನೂ ನರ್ಸಿಂಗೇ ಅಲ್ವೇನೇ? ಅವಳ ಕಾಲೇಜಲ್ಲಿ ಫೀಸ್ ಏನಾದ್ರೂ ಕಮ್ಮಿ ಮಾಡ್ತಾರಾ?” ಸುಮಿತ್ರಾ ಕೇಳಿದಳು.

“ಇಲ್ಲ ಕಣೇ. ನಮ್ಮೋರೇ ಹೇಗೋ ಪೂರ್ತಿ ಕಟ್ತಿದ್ದಾರೆ” ಎಂದೆ.

ವರ್ಷಾ ಬ್ರೋಷರ್‌ಗಳನ್ನೆಲ್ಲ ಒಟ್ಟು ಮಾಡಿ ಎತ್ತಿಟ್ಟಳು. “ಬಿಡಮ್ಮ, ಇಲ್ಲೇ ಬಿ.ಎ.ಗೆ ಸೇರ್ಕೋತೀನಿ.”

ನಿಜ ಏನು ಗೊತ್ತೆ? ನನ್ನ ಮಗಳು ಓದುತ್ತಿರುವುದೇ ಅರ್ಧ ಫೀಸಿನಲ್ಲಿ. ಕಾಲೇಜು ನಡೆಸುವ ಟ್ರಸ್ಟಿನವರು ಕೊಟ್ಟ ರಿಯಾಯಿತಿ ಅದು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಅಲ್ಲಿ “ವ್ಯಾಪಾರ ಡಲ್” ಎಂದು ದಿನಕ್ಕೆ ಹತ್ತು ಸಲ ಹೇಳಬಹುದು. ಮಗಳಿಗೆ ಫೀಸ್ ಕನ್ಸೆಷನ್ ತಗೊಂಡೆವು ಎಂದು ಒಂದು ಸಲವೂ ಹೇಳುವಂತಿಲ್ಲ! ಹೇಳಿದರೆ ಹೋಲ್‌ಸೇಲ್‌ನವರು ಮಾಲು ಕೊಡಲು ಹಿಂದೆಮುಂದೆ ನೋಡುತ್ತಾರಂತೆ. ಮಗಳಿಗೆ ಒಳ್ಳೆಯ ಸಂಬಂಧ ಬರುವುದಿಲ್ಲವಂತೆ. ಹಾಗಾಗಿ ಸೀಟು ಸಿಕ್ಕಿದ್ದಕ್ಕೆ ಬೀದಿಗೆಲ್ಲ ಪೇಢಾ ಹಂಚಿದೆವು. ರಿಯಾಯಿತಿಯ ಪತ್ರವನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ ತಳ್ಳಿದೆವು. ಎರಡು ವರ್ಷ ಇದೇ ಸುಳ್ಳು ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ಊರಿಗೆ ಹೊರಡಲು ಆಟೊ ಹತ್ತಿದೆ. ನ್ಯೂ ಟೌನ್ ಬಂದರೂ ವರ್ಷಾ ಬ್ರೋಷರ್ ಎತ್ತಿಟ್ಟಿದ್ದೇ ಕಣ್ಣ ಮುಂದೆ. ಥೂ, ನಾನೆಂಥ ಹೆಂಗಸು! ನನ್ನ ಮಗಳು ಓದಬಹುದು, ಅವಳ ಮಗಳು ಬೇಡವೆ?

“ವಾಪಸ್ ತಿರುಗಿಸಪ್ಪ” ಎಂದೆ.

“ಏನಾದ್ರೂ ಬಿಟ್ಟುಬಂದ್ರಾ ಮೇಡಂ?”

“ಹೂಂ” ಎಂದೆ. ಇನ್ನೇನು ಹೇಳಲಿ?

ಮತ್ತೆ ಸುಮಿತ್ರಾಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸುಮಿತ್ರಾ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಅಲ್ಲ ಮಾರಾಯ್ತಿ, ನನ್ನ ಹತ್ರಾನೂನಾ?” ಎಂದಳು ಅಷ್ಟೆ. ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ನನಗೆ ಗೊತ್ತಿದ್ದನ್ನೆಲ್ಲ ವರ್ಷಾಗೆ ಬರೆಸಿದೆ. ಅಡ್ಮಿಷನ್ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ಕೂತವರನ್ನು ಕೇಳಿ ಪ್ರಯೋಜನವಿಲ್ಲ. ಒಳಗೆ ಆಫೀಸಿಗೆ ಹೋಗಿ ಟ್ರಸ್ಟಿನ ಅರ್ಜಿ ಬೇಕು ಅನ್ನಬೇಕು. ಅದೂ ಫೀಸ್ ಕಟ್ಟುವ ಮೊದಲೇ. ಕಟ್ಟಿದ ಮೇಲೆ ಕೇಳಿದರೆ “ಕಟ್ಟೋ ಶಕ್ತಿ ಇದೆಯಲ್ಲ” ಅಂತಾರೆ. ಇವನ್ನೂ ಕೇಳಬೇಕು: ರಿಯಾಯಿತಿ ಒಂದೇ ವರ್ಷಕ್ಕೋ, ಕೋರ್ಸ್ ಮುಗಿಯುವವರೆಗೋ? ಹಾಸ್ಟೆಲ್ಲಿಗೂ ಸಿಗುತ್ತದೆಯೆ? ಒಂದು ಸಬ್ಜೆಕ್ಟ್ ಹೋದರೆ ನಿಂತುಹೋಗುತ್ತದೆಯೆ? ಬಾಯಿಮಾತು ಬೇಡ, ಬರೆದುಕೊಡಿ ಎಂದು ಕೇಳಲು ಸಂಕೋಚಪಡಬಾರದು.

ಸೋಮವಾರ ಮೂವರೂ ಮೇಘಾಳ ಕಾಲೇಜಿಗೆ ಹೋದೆವು. ಅರ್ಜಿಗೆ ಇನ್ನು ಎರಡೇ ದಿನ ಉಳಿದಿತ್ತು. ಎರಡೇ ದಿನ! ಅರ್ಜಿ ತೆಗೆದುಕೊಂಡ ಗುಮಾಸ್ತರು, “ಈ ಸಲ ಅರ್ಜಿಗಳೇ ಬಂದಿಲ್ಲ ಮೇಡಂ. ಜನಕ್ಕೆ ಗೊತ್ತೇ ಇಲ್ಲ” ಎಂದರು.

ಗೊತ್ತಿದ್ದವರೆಲ್ಲ ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂತರೆ ಗೊತ್ತಾಗುವುದು ಹೇಗೆ?

ಉತ್ತರ ಇನ್ನೂ ಬಂದಿಲ್ಲ. ವರ್ಷಾ ದಿನಾ ಫೋನ್ ಮಾಡುತ್ತಾಳೆ. ಬ್ರೋಷರ್‌ಗಳು ಮತ್ತೆ ಹೊರಗೆ ಬಂದಿವೆಯಂತೆ.

ನಾನು ಇದನ್ನು ಬರೆಯುತ್ತಿದ್ದಾಗ ನಮ್ಮವರು ಹಿಂದೆ ನಿಂತು ಓದಿದರು. “ಇದೊಂದು ಪೇಪರ್‌ಗೆ ಕಳಿಸ್ಬೇಡ ಮಾರಾಯ್ತಿ. ಬಜಾರಿನೋರೆಲ್ಲ ಓದ್ತಾರೆ.”

ಓದಲಿ ಬಿಡಿ, ಅವರ ಮನೆಗಳಲ್ಲೂ ಪಿಯುಸಿ ಮುಗಿಸಿದ ಮಕ್ಕಳಿದ್ದಾರೆ.