ನನ್ನ ಲಿವರಿನೊಳಗೆ ಹೊಳೆದ ಗುಳ್ಳೆಗಳು

ಕಳೆದ ವರ್ಷದ ದೀಪಾವಳಿ ಮುಗಿದಿತ್ತಷ್ಟೆ. ಹೊಟ್ಟೆ ಉಬ್ಬರವೆಂದು ಸೋನೋಗ್ರಫಿ ಮಾಡಿಸಿದರೆ ಲಿವರಿನಲ್ಲಿ ಒಂದು ಗಡ್ಡೆ ಕಾಣಿಸಿತು. ಕ್ಯಾನ್ಸರೋ ಅಲ್ಲವೋ ಅದರಲ್ಲಿ ತಿಳಿಯಲಿಲ್ಲ. ಸಿ.ಟಿ. ಮಾಡಿಸೋಣವೆಂದರೆ ನನ್ನ ಕಿಡ್ನಿ ಮೊದಲೇ ದುರ್ಬಲ, ಸಿ.ಟಿ.ಗೆ ಚುಚ್ಚುವ ಡೈ ಔಷಧಿ ಬೇಡವೆಂದರು ನಮ್ಮ ಡಾಕ್ಟರು. ಗುಳ್ಳೆಯ ಇಂಜೆಕ್ಷನ್ ಕೊಟ್ಟು ಮಾಡುವ ಬೇರೊಂದು ಸೋನೋಗ್ರಫಿ ಇದೆ ಎಂದು ಥಾಣೆಗೆ ಕಳಿಸಿದರು.

ಗುಳ್ಳೆ ಎಂದದ್ದೇ ನನ್ನ ತಲೆಗೆ ಹುಳ ಬಿಟ್ಟಂತಾಯಿತು. ರಕ್ತನಾಳಕ್ಕೆ ಗಾಳಿ ಹೋದರೆ ಮನುಷ್ಯ ಉಳಿಯುವುದಿಲ್ಲವೆಂದು ಕೇಳಿದ್ದೆ. ಹೆಂಡತಿ ಶೈಲಾ ಜತೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವಾಗಲೂ ಅದೇ ಯೋಚನೆ. ಥಾಣೆಯಲ್ಲಿ ಪರೀಕ್ಷೆ ಮಾಡುವ ಡಾಕ್ಟರ್ ಅಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ತಾಯಿಯ ತವರು ಕುಂದಾಪುರವಂತೆ. ನನ್ನ ಪ್ರಶ್ನೆಗಳಿಗೆಲ್ಲ ಹಿಂದಿ ಬೆರೆಸಿ ನಗುನಗುತ್ತ ಉತ್ತರಿಸಿದರು. ಗುಳ್ಳೆಗಳು ರಕ್ತಕಣಕ್ಕಿಂತಲೂ ಸಣ್ಣವಂತೆ. ರಕ್ತ ಹರಿದಲ್ಲೆಲ್ಲ ಪರದೆಯ ಮೇಲೆ ಹೊಳೆದು, ಕೊನೆಗೆ ಒಡೆದು, ಉಸಿರಿನೊಂದಿಗೆ ಹೊರಗೆ ಹೋಗುತ್ತವಂತೆ.

ಕೈಗೆ ಸೂಜಿ ಚುಚ್ಚಿದರು. ಪರದೆ ನನಗೂ ಕಾಣುತ್ತಿತ್ತು. ಕಪ್ಪಗಿದ್ದ ಗಡ್ಡೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳು ಹೊಳೆದು, ನಿಧಾನಕ್ಕೆ ಒಳಗೆ ಹಬ್ಬತೊಡಗಿದವು. ಅದೇ ಹೊತ್ತಿಗೆ ಡಾಕ್ಟರ ಮಾತು ನಿಂತಿತು. ನಾನು ವರ್ಷಗಟ್ಟಲೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು. ಸಾಂಬಾರು ಕೆಟ್ಟಿದೆಯೆಂದು ಗಿರಾಕಿ ಬಾಯಿ ಬಿಡುವ ಮೊದಲೇ ಮುಖದಲ್ಲಿ ಗೊತ್ತಾಗುತ್ತದೆ. ಹುಬ್ಬು ಗಂಟಿಕ್ಕಿದ್ದ ಆ ಮುಖ ನೋಡಿ ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಹಬ್ತಾ ಉಂಟಲ್ಲ ಡಾಕ್ಟ್ರೆ?" ಎಂದೆ. ಸುಮ್ಮನಿರಿ ಎಂದು ಕೈ ತೋರಿಸಿದರು. ಹೆದರಿಕೆಯಿದ್ದರೂ ಮುಂದೇನಾಗುತ್ತದೆ ನೋಡುವ ಆಸೆ ಬಿಡಲಿಲ್ಲ.

ಕೆಲವು ನಿಮಿಷ ಕಳೆದು ಮತ್ತೆ ನೋಡಿದರು. ಗಡ್ಡೆ ಪೂರ್ತಿ ಬೆಳ್ಳಗಾಗಿತ್ತು.

"ಅಂಕಲ್, ಟೆನ್ಶನ್ ಬೇಡ. ಬಿಳಿ ಬೇಗ ಹೋಗಿದ್ರೆ ನಂಗೇ ಡರ್ ಆಗ್ತಿತ್ತು. ಇದ್ರಲ್ಲಿ ಹಾಗೇ ಉಳ್ದಿದೆ. ಇದು ರಕ್ತನಾಳದ ಗಂಟು, ಕ್ಯಾನ್ಸರ್ ಅಲ್ಲ."

ಬಿಳುಪು ಹೇಗೆ ಬಂತು, ಎಷ್ಟು ಹೊತ್ತು ನಿಂತಿತು ಎನ್ನುವುದರಲ್ಲೇ ರೋಗ ತಿಳಿಯುವುದಂತೆ. ಒಂದು ಕ್ಷಣವೂ ಕಣ್ಣು ತಪ್ಪಬಾರದೆಂದು ಅವರು ಮಾತು ನಿಲ್ಲಿಸಿದ್ದರು.

ಹೊರಗಿದ್ದ ಶೈಲಾಳನ್ನು ಕರೆಸಿ ವಿಷಯ ಹೇಳಿ ರೆಕಾರ್ಡಿಂಗ್ ತೋರಿಸಿದರು. ಎಲ್ಲ ಬಲ್ಲವನಂತೆ ನಾನು ವಿವರಿಸತೊಡಗಿದೆ.

"ಸಾಕು ಮಾರಾಯ್ರೆ, ನಂಗೆ ಗುಳ್ಳೆ ಕಾಣುದು ಬೇಡ. ನೀವು ಮನೆಗೆ ಬರ್ತೀರಲ್ಲ, ಅಷ್ಟು ಸಾಕು" ಎಂದು ಮುಖ ಮುಚ್ಚಿ ಅತ್ತುಬಿಟ್ಟಳು.

ನನ್ನ ಲಿವರಿನ ಒಳಗನ್ನು ಕಂಡ ಬೆರಗು ಇಂದಿಗೂ ಇದೆ. ಆದರೆ ನನಗೆ ನೋಡಲು ಪರದೆಯಾದರೂ ಇತ್ತು, ಬೆಂಚಿನ ಮೇಲೆ ಕೂತಿದ್ದ ಅವಳಿಗೆ ಮುಚ್ಚಿದ ಬಾಗಿಲು ಮಾತ್ರ.