ಬಿಗಿ ಫೌಂಡೇಶನ್ ಹಾಕಿಸಿಕೊಂಡು ಮೂಡಲಗಿಯಿಂದ ಹುಕ್ಕೇರಿಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ಗೋಕಾಕದ ಮನೆ ಬಿಟ್ಟೆ. ಹಿಂದಿನ ಸೀಟಿನಲ್ಲಿ ಒಂದು ರಟ್ಟಿನ ಡಬ್ಬಿ, ಅದರೊಳಗೆ ಕೆಂಪು ಪಾಲಿಯುರೆಥೇನಿನ ಮೂರು ಫೌಂಡೇಶನ್. ಎಂಜಿನ್ನನ್ನು ಗಾಡಿಯ ಮೈಗೆ ಹಿಡಿದಿಡುವ ರಬ್ಬರಿನ ತುಂಡುಗಳಿಗೆ ನಮ್ಮ ಕಡೆಯ ಮಿಸ್ತ್ರಿಗಳು ಫೌಂಡೇಶನ್ ಅನ್ನುತ್ತಾರೆ. ನನ್ನದು ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು. ಗಾಡಿ ಚಿಕ್ಕದು, ಓಟ ದೊಡ್ಡದು. ಹಳೆಯ ಫೌಂಡೇಶನ್ ಹರಿದು ಎರಡು ತಿಂಗಳಾಗಿತ್ತು. ಕ್ಲಚ್ ಬಿಟ್ಟಾಗಲೆಲ್ಲ ಎಂಜಿನ್ ಒಳಗೆ ಗುದ್ದುತ್ತಿತ್ತು.

ಆ ಗುದ್ದನ್ನು ದಿನಾ ತಿನ್ನುತ್ತಿದ್ದವರು ಇಬ್ಬರು: ನಾನು ಮತ್ತು ನನ್ನ ಹೆಂಡತಿ ಸುವರ್ಣಾ. ನಾನು ಹುಕ್ಕೇರಿಯ ದನದ ದವಾಖಾನೆಯಲ್ಲಿ ಪರೀಕ್ಷಕ, ಅವಳು ಅಲ್ಲಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಹೋಗಲು ಒಂದು ತಾಸು, ಬರಲು ಒಂದು ತಾಸು. ಮನೆಯಲ್ಲಿ ನಾವು ಹನ್ನೊಂದು ಮಂದಿ. ಅವ್ವ, ಅಣ್ಣ, ಅವನ ಹೆಂಡತಿ ವೈನಿ ಎಲ್ಲ ಪಡಸಾಲೆಯಲ್ಲೇ ಇರುತ್ತಾರೆ. ಹಿರಿಯರ ಮುಂದೆ ಗಂಡ ಹೆಂಡತಿ ನೇರ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಚಹಾ ಬೇಕೆಂದರೂ ನಾನು ಗೋಡೆ ನೋಡಿ ಹೇಳಬೇಕು. ಹೀಗಾಗಿ ಆರು ವರ್ಷದಿಂದ ನಮ್ಮ ಸಂಸಾರದ ಮಾತೆಲ್ಲ ನಡೆದದ್ದು ಕಾರಿನಲ್ಲೇ.

ಈಗ ಗೋಕಾಕದ ಶಿಕ್ಷಕಿಯೊಬ್ಬರು ಪರಸ್ಪರ ವರ್ಗಾವಣೆಗೆ ಸುವರ್ಣಾಳನ್ನು ಕೇಳಿದ್ದರು. ಶಾಲೆ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. "ಮೈಯೆಲ್ಲ ನೋವ ಆಗೇತಿ, ವಿಚಾರ ಮಾಡಾಕತ್ತೇನಿ" ಎಂದಿದ್ದಳು. ಗುದ್ದು ನಿಂತರೆ ನೋವೂ ನಿಂತೀತು, ಹೂಂ ಅನ್ನಲಿಕ್ಕಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಸಾದಾ ರಬ್ಬರ್ ಹಾಕಿಸಿದ್ದರೆ ಸಾಕಿತ್ತು. ಆದರೆ ಗಾಡಿ ರೇಸಿನದರಂತೆ ಬಿಗಿಯಾಗಲಿ ಎಂಬ ಆಸೆ ನನಗಿತ್ತು. ಹೆಂಡತಿಯ ಹೆಸರಿನಲ್ಲಿ ನನ್ನ ಚಟ ತೀರಿಸಿಕೊಳ್ಳಲು ಹೊರಟಿದ್ದೆ ಅನ್ನುವುದೇ ಸರಿ. ಅಂದು ನಾನು ರಜೆ ಹಾಕಿದ್ದೆ, ಅವಳು ಬಸ್ಸಿನಲ್ಲಿ ಹುಕ್ಕೇರಿಗೆ ಹೋದಳು. ಮಧ್ಯಾಹ್ನ ಕರೆದುಕೊಂಡು ಬರುವುದಾಗಿ ನಾನು ಮಾತು ಕೊಟ್ಟಿದ್ದೆ.

ಗೋಕಾಕದ ಗ್ಯಾರೇಜುಗಳು, ಕಂಪನಿಯ ಸಾಮಾನಲ್ಲ ಎಂದು ಕೈ ಹಚ್ಚಲಿಲ್ಲ. ಮೂಡಲಗಿಯ ಸಿದ್ದಪ್ಪ ಮಿಸ್ತ್ರಿ ಮಾತ್ರ ಒಪ್ಪಿದ್ದ. ಹಿಂದೆ ನಾನು ಅಲ್ಲಿ ಕೆಲಸದಲ್ಲಿದ್ದಾಗ ಅವನ ಎಮ್ಮೆಗಳಿಗೆ ಔಷಧ ಕೊಟ್ಟವನು ನಾನು. ಅವನದು ಟ್ರ್ಯಾಕ್ಟರ್ ಗ್ಯಾರೇಜು. ದಾರಿಯುದ್ದಕ್ಕೂ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ತೆವಳಿ ಎಂಟಕ್ಕೆ ಮುಟ್ಟಿದೆ. ಹೊತ್ತೇರುವ ಮೊದಲೇ ತಗಡಿನ ಶೆಡ್ಡು ಬಿಸಿಲಿಗೆ ಕಾದಿತ್ತು.

ಸಿದ್ದಪ್ಪ ಕೆಂಪು ತುಂಡನ್ನು ಉಗುರಿನಿಂದ ಒತ್ತಿ ನೋಡಿದ. "ಭಾಳ ಗಟ್ಟಿ ಅದಾವಲ್ರಿ ಡಾಕ್ಟ್ರ. ಜಲಮದಾಗ ಹರಿಯೂದಿಲ್ಲ." ನಾನು ಡಾಕ್ಟರಲ್ಲ, ಅದನ್ನು ಹೇಳಿ ಹೇಳಿ ಬಿಟ್ಟಿದ್ದೇನೆ. ಅವನು ಎಂಜಿನ್ನಿಗೆ ಸರಪಳಿ ಕಟ್ಟಿ ರಾಟೆಗೆ ತೂಗುಹಾಕಿದ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಉದ್ದನೆಯ ಪೈಪು ಸಿಗಿಸಿ, ಕಾಲು ಕೊಟ್ಟು ಬೋಲ್ಟು ಬಿಗಿದ. ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೂ ಮೈಗೂ ನಡುವೆ ರಬ್ಬರೇ ಇರುವುದಿಲ್ಲ. ಅದರ ಎಂಜಿನ್ನೇ ಅದರ ಬೆನ್ನೆಲುಬು. ಬಿಗಿದಷ್ಟೂ ಒಳ್ಳೆಯದು ಎಂಬುದೇ ಅವನ ಮೂವತ್ತು ವರ್ಷದ ವಿದ್ಯೆ. ನಾನು ಬಾಜೂ ಅಂಗಡಿಯ ಚುರುಮುರಿ ಸೂಸಲಾ ತಿನ್ನುತ್ತ ಅವನ ತೋಳಿನ ಬಲ ಮೆಚ್ಚಿಕೊಂಡು ಕೂತಿದ್ದೆ.

ಹನ್ನೊಂದಕ್ಕೆ ಎಂಜಿನ್ ಚಾಲೂ ಮಾಡಿದೆ. ಒಳಗಿನ ಕನ್ನಡಿಯಲ್ಲಿ ಸಿದ್ದಪ್ಪನ ಮುಖ ಎರಡೆರಡಾಗಿ ನಡುಗಿತು. ಸ್ಟೇರಿಂಗು ಅಂಗೈಯಲ್ಲಿ ಜುಮುಗುಟ್ಟಿತು.

"ಹೊಸಾದಲ್ಲೇನ್ರಿ, ನಾಕ ದಿನಾ ಹಂಗ ಇರ್ತೈತಿ" ಎಂದ ಸಿದ್ದಪ್ಪ. "ಆದ್ರ ಎಂಜಿನ್ ಮಾತ್ರ ಇನ್ನ ಅಲಗ್ಯಾಡೂದಿಲ್ಲ." ಅದು ಖರೆಯೇ ಆಗಿತ್ತು. ಎಂಜಿನ್ ಬಿಟ್ಟು ಉಳಿದದ್ದೆಲ್ಲ ಅಲುಗಾಡುತ್ತಿತ್ತು.

ಖಾಲಿ ರಸ್ತೆ ಸಿಕ್ಕಾಗ ನನಗೆ ಖುಷಿಯೂ ಆಯಿತು, ಮುಚ್ಚಿಡುವುದೇಕೆ. ಕಾಲು ಒತ್ತಿದ ಕೂಡಲೇ ಗಾಡಿ ಮುಂದೆ ನೆಗೆಯುತ್ತಿತ್ತು, ಗಿಯರ್ ಬೆಣ್ಣೆಯಂತೆ ನುಣ್ಣಗೆ ಬೀಳುತ್ತಿತ್ತು. ಗುದ್ದು ಪೂರಾ ಮಾಯ. ಖುಷಿ ಅರಭಾವಿಯವರೆಗೆ ಬಾಳಿತು. ಅಲ್ಲಿ ಕಾಲೇಜಿನ ಹತ್ತಿರ ಕೈ ಮಾಡಿದ ಹಿರಿಯರೊಬ್ಬರನ್ನು ಹತ್ತಿಸಿಕೊಂಡೆ, ಘಟಪ್ರಭಾಕ್ಕೆ ಹೋಗುವವರು. ಒಂದು ಕಿಲೋಮೀಟರೂ ಆಗಿರಲಿಲ್ಲ, ಅವರು ಬಾಗಿಲಿನ ಹಿಡಿಕೆ ಹಿಡಿದುಕೊಂಡು, "ತಮ್ಮಾ, ಇಲ್ಲೇ ಇಳಸ್ರಿ. ಹಿಂದ ಬಸ್ ಬರಾಕತ್ತೈತಿ" ಎಂದರು. ಹಿಂದೆ ಯಾವ ಬಸ್ಸೂ ಇರಲಿಲ್ಲ. ಬಿಸಿಲಿನಲ್ಲಿ ಅವರನ್ನು ಇಳಿಸಿ ಮುಂದೆ ಹೋದೆ. ಘಟಪ್ರಭಾದಲ್ಲಿ ನೀರು ಕುಡಿಯಲು ನಿಂತಾಗ ನನ್ನ ದವಡೆಯೇ ನೋಯುತ್ತಿತ್ತು.

ಒಂದು ಗಂಟೆಗೆ ಹುಕ್ಕೇರಿ. ಸುವರ್ಣಾ ಶಾಲೆಯ ಗೇಟಿನ ನೆರಳಿನಲ್ಲಿ ನಿಂತಿದ್ದಳು. ಹತ್ತಿ ಕೂತಳು. ಅವಳ ಬುತ್ತಿಡಬ್ಬಿಯ ಮುಚ್ಚಳ ಚೀಲದೊಳಗೇ ಕಟಕಟ ಎಂದಿತು. ಎಸಿ ಹಾಕಿದೆ, ನಡುಕ ಇನ್ನೂ ಹೆಚ್ಚಾಯಿತು.

"ಏನ್ರಿ ಇದು, ಹಿಟ್ಟಿನ ಗಿರಣ್ಯಾಗ ಕುಂತಂಗ ಆಗೇತಿ!"

"ಗಟ್ಟಿ ಫೌಂಡೇಶನ್. ನಿನ್ನ ಸಲುವಾಗೇ ಹಾಕಿಸಿದ್ದು" ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. "ಸೋಮವಾರದ್ದು ಹೇಳ್ಬೇಕಂತ ಮಾಡಿದ್ದೆ..." ಎಂದು ಶುರು ಮಾಡಿ, ಬಾಜಾರ ದಾಟುವ ಮೊದಲೇ ಹಣೆ ಒತ್ತಿಕೊಂಡಳು. "ಇಷ್ಟು ಒದರಕೋಂತ ನನಗ ಮಾತಾಡಾಕ ಆಗೂದಿಲ್ರಿ. ಮೊದಲ ಇದನ್ನ ಯಾರಿಗರೆ ತೋರಸ್ರಿ."

ಊರ ಹೊರಗಿನ ಗ್ಯಾರೇಜಿನವನು ನಮ್ಮನ್ನು ಯಮಕನಮರಡಿಗೆ ಕಳಿಸಿದ. ಅದು ನಮ್ಮ ಮನೆಯ ದಾರಿಗೆ ವಿರುದ್ಧ ದಿಕ್ಕಿಗಿತ್ತು. ಮಾತಿಲ್ಲದೆ ಹೋದೆವು. ಆರು ವರ್ಷದಲ್ಲಿ ಕಾರಿನಲ್ಲಿ ನಾವು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ನನಗೆ ಹೆದರಿಕೆಯಾಯಿತು.

ಹೆದ್ದಾರಿಯ ಬಾಜೂ ಲಾರಿ ಗ್ಯಾರೇಜಿನಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದ. ಎಲ್ಲರೂ ಕಾಕಾ ಎನ್ನುತ್ತಿದ್ದರು. ಬಾನೆಟ್ ಎತ್ತಿ ಒಂದು ಬೋಲ್ಟಿಗೆ ಪಾನಾ ಹಾಕಿದವನೇ ನಕ್ಕುಬಿಟ್ಟ.

"ಯಾರ್ ಹಚ್ಯಾರ್ರಿ? ಟ್ರ್ಯಾಕ್ಟರ್ ಮಂದಿ ಅಲ್ಲೇನು?"

"ಹೆಂಗ ಗೊತ್ತಾತು ಕಾಕಾ?"

"ಈ ಬಿಗಿ ಬ್ಯಾರೇದವ್ರಿಗೆ ಬರೂದಿಲ್ಲ. ಎಂಜಿನ್ ತೂಗಹಾಕಿದಾಗನ ಬಿಗದಾರ. ಅದರ ಭಾರ ಅದು ಹೊತ್ಕೊಂಡು ಕುಂಡರಾಕ ಬಿಟ್ಟಿಲ್ಲ."

ಅವನು ಎಲ್ಲ ಬೋಲ್ಟುಗಳನ್ನು ಸಡಿಲು ಮಾಡಿದ. ಎಂಜಿನ್ ಚಾಲೂ ಮಾಡಿಸಿ ಸುಮ್ಮನೆ ಓಡಲು ಬಿಟ್ಟ. ಅದು ಎರಡು ಸಲ ಮಿಸುಕಾಡಿ ತನ್ನ ಜಾಗ ಹುಡುಕಿಕೊಂಡಿತು. ಬಂದ್ ಮಾಡಿಸಿ, ಪೈಪಿಲ್ಲದೆ ಬರಿಗೈಯ ಬಲದಲ್ಲಿ ಒಂದೊಂದಾಗಿ ಬಿಗಿದ. ನಡುಕ ಅರ್ಧಕ್ಕರ್ಧ ಇಳಿಯಿತು. "ಉಳಿದದ್ದು ಈ ಸಾಮಾನಿನ ಗುಣಾ. ಅದು ಹೋಗೂದಿಲ್ಲ. ದಿನಾ ಓಡ್ಯಾಡೂ ಗಾಡಿಗೆ ರಬ್ಬರ್ ಚಲೋ" ಎಂದು ಕೈ ಒರೆಸಿಕೊಂಡ.

ಹೊರಡುವಾಗ ನಾಲ್ಕು ದಾಟಿತ್ತು. ಬಂದ ದಾರಿಯಲ್ಲೇ ತಿರುಗಿದೆವು. ಹುಕ್ಕೇರಿ ದಾಟಿದ ಮೇಲೆ ಕೇಳಿದೆ, "ಈಗ ಹೆಂಗ ಅನಸ್ತೈತಿ?"

"ಗಾಡಿದು ಕೇಳಾಕತ್ತೀರೇನು, ನಂದು ಕೇಳಾಕತ್ತೀರೇನು?"

ನಾನು ಕೇಳಿದ್ದು ಗಾಡಿಯದೇ. ಹಾಗೆಂದು ಒಪ್ಪಿಕೊಂಡೆ.

"ಗಾಡಿ ಪರವಾಗಿಲ್ಲ" ಎಂದಳು. "ನಂದ ಕೇಳ್ರಿ."

ಕೇಳಿದೆ. ಅವಳು ರಸ್ತೆ ನೋಡುತ್ತಲೇ ಹೇಳಿದಳು: "ನಾ ದಣದೇನ್ರಿ. ಗುದ್ದಿಗಲ್ಲ, ನಡಗಿದ್ದಕ್ಕಲ್ಲ. ನಸುಕಿನ್ಯಾಗ ಎದ್ದು ಹನ್ನೊಂದ ಮಂದಿಗೆ ರೊಟ್ಟಿ ಬಡದು, ಓಡಿ ಬಂದು ಇದರಾಗ ಕುಂಡರೂದಕ್ಕ. ಇಷ್ಟ ದಿನಾ ಹೂಂ ಅನ್ನಲಿಲ್ಲ ಯಾಕಂದ್ರ, ನಿಮ್ಮ ಜೋಡಿ ಮಾತಾಡಾಕ ಬ್ಯಾರೆ ಜಾಗಾ ಇಲ್ಲ."

ಅವಳ ದಣಿವನ್ನು ನಾನು ಮೂರು ಬೋಲ್ಟಿನಲ್ಲಿ ರಿಪೇರಿ ಮಾಡಹೊರಟಿದ್ದೆ. "ಹೂಂ ಅನ್ನು" ಎಂದೆ. ಹೇಳಿದ ಮೇಲೆ ವರ್ಗ ಆದ ಮೇಲೆ ಬಾಜೂ ಸೀಟು ಖಾಲಿ ಎಂಬುದೂ ಹೊಳೆದು, "ಆದ್ರ ಮಾತು?" ಎಂದೆ.

"ಮನ್ಯಾಗ ಮಾತಾಡೂಣು. ಕೇಳಾವ್ರು ಕೇಳ್ಲಿ."

ಗೋಕಾಕ ಮುಟ್ಟಿದಾಗ ಸಂಜೆ ಆರು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು, ಅಣ್ಣ ಪಡಸಾಲೆಯಲ್ಲಿ ಪೇಪರ್ ಹಿಡಿದಿದ್ದ. ಸುವರ್ಣಾ ಇಳಿದು, ಸೆರಗು ಸರಿಮಾಡಿಕೊಂಡು, ಅವ್ವನ ಬಾಜೂದಿಂದ ಹಾದು ಹೊಸ್ತಿಲಲ್ಲಿ ನಿಂತಳು. ತಿರುಗಿ ನೇರ ನನ್ನ ಮುಖ ನೋಡಿದಳು.

"ಏನ್ರಿ, ಬರ್ರಿ ಒಳಗ. ನಿಮ್ಮ ಜೋಡಿ ಮಾತಾಡೂದೈತಿ."

ಅಣ್ಣನ ಪೇಪರ್ ಕೆಳಗಿಳಿಯಿತು. ಅವ್ವ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ನನ್ನ ಕಣ್ಣು ರೂಢಿಯಂತೆ ಗೋಡೆ ಹುಡುಕಿತು. "ಬಂದ್ನಿ ಸುವರ್ಣಾ" ಎಂದೆ, ಎಲ್ಲರಿಗೂ ಕೇಳುವಂತೆ.