ಚಾಚಿದ ಕೈಗೆ ಕ್ಲಿಪ್ ಕೊಡದವರು

ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಜನ ಕತ್ತರಿಸಿದವರ ಹೆಸರು ಕೇಳುತ್ತಾರೆ; ಕತ್ತರಿಯನ್ನು ಹೊತ್ತಿಗೆ ಸರಿಯಾಗಿ ಆ ಕೈಗಿಟ್ಟವರನ್ನು ವಿಚಾರಿಸುವವರು ಕಡಿಮೆ. ಮೂವತ್ತಮೂರು ವರ್ಷ ನಮ್ಮ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದುಡಿದು, ಅದರಲ್ಲಿ ಹದಿನಾಲ್ಕು ವರ್ಷ ಮುಖ್ಯ ದಾದಿಯಾಗಿದ್ದು, ಈಗ ನಿವೃತ್ತರಾಗುತ್ತಿರುವ ಇವರನ್ನು ಎದುರಿಗೆ ಎಲ್ಲರೂ ‘ಅಕ್ಕ’ ಎನ್ನುತ್ತಾರೆ, ಬೆನ್ನ ಹಿಂದೆ ‘ಹೆಡ್‌ಮಿಸ್’ ಎನ್ನುತ್ತಾರೆ. ಎರಡೂ ಅವರಿಗೆ ಗೊತ್ತು; ಎರಡಕ್ಕೂ ತಿರುಗಿ ನೋಡುತ್ತಾರೆ.

ಅವರು ಸೇರಿದ ಕಾಲಕ್ಕೆ ಹೊಟ್ಟೆಯನ್ನು ಮೊಳದುದ್ದ ಸೀಳಿ ಗಡ್ಡೆ ತೆಗೆಯುತ್ತಿದ್ದರು. ವೈದ್ಯರು ಕೈ ಚಾಚುವಷ್ಟರಲ್ಲಿ ಬೇಕಾದ ಉಪಕರಣ ಅಂಗೈಯಲ್ಲಿರುತ್ತಿತ್ತು. ಬಾಯಿ ಬಿಟ್ಟು ಕೇಳಬೇಕಾಗುತ್ತಿರಲಿಲ್ಲ. ಅವರ ಇನ್ನೊಂದು ರೂಢಿಯನ್ನು ರೋಗಿಗಳು ಹೆಚ್ಚು ನೆನೆಯುತ್ತಾರೆ. ಕನ್ನಡಕವನ್ನು ವಾರ್ಡಿನಲ್ಲೇ ತೆಗೆಸಿ ಕಳಿಸುವುದು ಹಿಂದಿನಿಂದ ಬಂದ ಪದ್ಧತಿ. ಅಕ್ಕ ಅದನ್ನು ಬದಲಿಸಿದರು. “ಕಣ್ಣು ಮಂಜಾದ್ರೆ ಎದುರಿಗಿರೋರೆಲ್ಲ ದೆವ್ವದ ಥರಾನೇ ಕಾಣ್ತಾರೆ, ಮುಖ ನೋಡ್ಕೊಂಡೇ ನಿದ್ದೆ ಹೋಗ್ಲಿ” ಎಂದು ಮೇಜಿನವರೆಗೂ ಕನ್ನಡಕ ಬಿಟ್ಟು, ಅರಿವಳಿಕೆ ಹತ್ತಿದ ಮೇಲೆ ತಾವೇ ತೆಗೆದಿಡುವರು. ಎಚ್ಚರವಾಗುವ ಹೊತ್ತಿಗೆ ಮತ್ತೆ ಮೂಗಿನ ಮೇಲೆ ಏರಿಸುವರು.

ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಬಿಟ್ಟು ಮಾಡುವ ಶಸ್ತ್ರಚಿಕಿತ್ಸೆ ಬಂದಾಗ ಅನುಭವಿ ವೈದ್ಯರೇ ತಡವರಿಸಿದರು. ಅಕ್ಕ ಒಂದು ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಉದ್ದ ಹಿಡಿಯ ಚಿಮಟದಿಂದ ಒಳಗಿನ ಕಿತ್ತಳೆ ತೊಳೆಯ ನಾರು ಬಿಡಿಸುವುದನ್ನು ತಾವು ಕಲಿತು, ಉಳಿದವರಿಗೂ ಕಲಿಸಿದರು.

ಆರು ವರ್ಷದ ಹಿಂದೆ ಹೊಸ ವಿದ್ಯೆ ಬಂತು. ಪುಸ್ತಕದವರು ವರ್ಧಿತ ವಾಸ್ತವ ಎನ್ನುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಮಾಂಸದೊಳಗೆ ಹುದುಗಿದ ಗಡ್ಡೆಗೆ ಬೇಕು. ಮೊದಲೇ ತೆಗೆದ ಸ್ಕ್ಯಾನ್‌ನಿಂದ ಬಣ್ಣದ ಚಿತ್ರ ಮಾಡಿ, ಕ್ಯಾಮೆರಾ ತೋರಿಸುವ ಜೀವಂತ ಅಂಗದ ಮೇಲೆ ಅದನ್ನು ಹೊದಿಸಿದರೆ, ಒಳಗೆ ಅಡಗಿದ ಗಡ್ಡೆ ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತದೆ. ಮೊದಲ ಪ್ರದರ್ಶನದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಪರದೆಯ ತಂತ್ರಜ್ಞನನ್ನು ಕೇಳಿದರು: “ಎಲ್ಲಾ ಚೆನ್ನಾಗಿದೆಯಪ್ಪ. ರೋಗಿ ಉಸಿರಾಡಿದಾಗ ನಿನ್ನ ಚಿತ್ರಾನೂ ಉಸಿರಾಡತ್ತಾ?” ತಂತ್ರಜ್ಞ ನಕ್ಕ, ಆಮೇಲೆ ನಗು ನಿಲ್ಲಿಸಿದ.

ಆ ಪ್ರಶ್ನೆಯ ಬೆಲೆ ತಿಳಿದದ್ದು ಎರಡು ವರ್ಷದ ನಂತರ, ಶಾಲಾ ವ್ಯಾನಿನ ಡ್ರೈವರ್ ಒಬ್ಬರು ಮೇಜಿನ ಮೇಲೆ ಮಲಗಿದ ದಿನ. ಅವರಿಗಿದ್ದದ್ದು ಒಂದೇ ಕಿಡ್ನಿ. ಇನ್ನೊಂದನ್ನು ತಂಗಿಗೆ ಕೊಟ್ಟು ಹನ್ನೊಂದು ವರ್ಷವಾಗಿತ್ತು. ಉಳಿದದ್ದರಲ್ಲಿ ಕ್ಯಾನ್ಸರ್ ಗಡ್ಡೆ. ಗಡ್ಡೆ ಪೂರ್ತಿ ಬರಬೇಕು, ಕಿಡ್ನಿ ಉಳಿಯಬೇಕು. ಒಂದು ಬೆರಳಗಲ ತಪ್ಪಿದರೆ ಗಡ್ಡೆಯ ಚೂರು ಒಳಗೇ ಉಳಿಯುತ್ತದೆ, ಇಲ್ಲವೇ ಮನುಷ್ಯ ಆಯುಷ್ಯವಿಡೀ ಡಯಾಲಿಸಿಸ್ ಯಂತ್ರಕ್ಕೆ ಕಟ್ಟುಬೀಳುತ್ತಾನೆ. ಆದರೂ ಅವರು ಅಕ್ಕನಿಗೆ ಹೇಳಿದ್ದು ಇಷ್ಟೇ: “ನಂದೊಂದು ಕಿಡ್ನಿ ಹೊರಗಡೆ ಬೆಂಚಿನ ಮೇಲೆ ಕೂತು ಅಳ್ತಾ ಇದೆ. ಅದಕ್ಕೊಂದು ಕಾಫಿ ಕೊಡ್ಸಿ ಅಕ್ಕ.” ಅಕ್ಕ ತಂಗಿಗೆ ಕಾಫಿ ಕಳಿಸಿ, ಅಣ್ಣನ ಕನ್ನಡಕ ತೆಗೆದಿಟ್ಟರು.

ಕೆಲಸ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗಿತ್ತು. ಚಿತ್ರ ಹೊದಿಸಿಯಾಗಿತ್ತು. ಆಮೇಲೆ ಕಿಡ್ನಿಯ ಹಿಂಬದಿಯ ಕೊಬ್ಬು ಬಿಡಿಸಲು ಸಹಾಯಕ ವೈದ್ಯರು ಅದನ್ನು ತುಸು ಹೊರಳಿಸಿದರು. ಇನ್ನು ರಕ್ತನಾಳಕ್ಕೆ ಕ್ಲಿಪ್ ಹಾಕಿ ರಕ್ತ ತಡೆಯಬೇಕು. ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ಕಿಡ್ನಿಗೆ ಉಪವಾಸ. ಮುಖ್ಯ ವೈದ್ಯರು ಪರದೆಯಿಂದ ಕಣ್ಣು ಕೀಳದೆ ಕೈ ಚಾಚಿದರು.

ಕೈ ಖಾಲಿಯೇ ಉಳಿಯಿತು.

“ಅಕ್ಕ, ಕ್ಲಿಪ್.”

“ಕೊಡ್ತೀನಿ ಡಾಕ್ಟ್ರೇ. ಆ ನೀರುಗುಳ್ಳೆ ಯಾಕೆ ಹೊರಗೆ ಬಂತು?”

“ಯಾವ ಗುಳ್ಳೆ?”

“ಕಿಡ್ನಿ ಮೇಲೆ ಕಡಲೆಕಾಳಿನಷ್ಟು ಒಂದು ಗುಳ್ಳೆ ಇದೆಯಲ್ಲ, ಚಿತ್ರ ಕೂರ್ಸಿದಾಗ ಹಸಿರಿನ ಅಂಚಿನೊಳಗೆ ಇತ್ತು. ಈಗ ಆಚೆ ಕೂತ್ಕೊಂಡು ನಮ್ಮನ್ನೇ ನೋಡ್ತಿದೆ.”

ತಂತ್ರಜ್ಞ ಗುಂಡಿಗಳ ಮೇಲೆ ಕೈಯಾಡಿಸಿದ. “ಸಿಸ್ಟಮ್ ಸರಿ ಇದೆ ಅಂತಾನೇ ತೋರಿಸ್ತಿದೆ ಅಕ್ಕ.”

“ಸಿಸ್ಟಮ್ ಸರಿಯಾಗೇ ಇದೆಯಪ್ಪ. ಕಿಡ್ನಿ ಹೊರಳಿದ್ದನ್ನ ಅದಕ್ಕೆ ಯಾರಾದ್ರೂ ಹೇಳಿದ್ರಾ?”

ಯಾರೂ ಹೇಳಿರಲಿಲ್ಲ. ಹೊರಳಿಸಿದ ಮೇಲೆ ಚಿತ್ರವನ್ನು ಮತ್ತೆ ಕೂರಿಸಬೇಕೆಂಬುದನ್ನು ಅಷ್ಟು ಜನರೂ ಮರೆತಿದ್ದರು. ಹಸಿರು ಅಷ್ಟು ಚೆನ್ನಾಗಿ ಹೊಳೆಯುತ್ತಿದ್ದಾಗ ಅನುಮಾನ ಯಾರಿಗೆ ಬರಬೇಕು! ಮುಖ್ಯ ವೈದ್ಯರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, “ಮತ್ತೆ ಕೂರ್ಸಿ” ಎಂದರು. ನಾಲ್ಕು ನಿಮಿಷದಲ್ಲಿ ಗುಳ್ಳೆ ಹಸಿರಿನೊಳಗೆ ಮರಳಿತು. ಗಡ್ಡೆಯ ಗಡಿ ಮೊದಲು ಕಂಡದ್ದಕ್ಕಿಂತ ಒಂದು ಹೆಬ್ಬೆರಳಗಲ ಆಚೆಗಿತ್ತು. ವೈದ್ಯರು ಕೈ ಚಾಚಿದರು. ಕೇಳುವ ಮೊದಲೇ ಕ್ಲಿಪ್ ಅಂಗೈಯಲ್ಲಿತ್ತು.

ವಾರದ ಮೇಲೆ ಪರೀಕ್ಷಾ ವರದಿ ಬಂತು: ಗಡ್ಡೆ ಪೂರ್ತಿ ಬಂದಿದೆ, ಕತ್ತರಿಸಿದ ಅಂಚಿನಲ್ಲಿ ರೋಗವಿಲ್ಲ. ಕಿಡ್ನಿ ಉಳಿಯಿತು. ವೈದ್ಯರು ಆ ಘಟನೆಯನ್ನು ಮುಚ್ಚಿಡದೆ ಎಲ್ಲರ ಮುಂದೆ ಹೇಳಿದ್ದು ಅವರ ದೊಡ್ಡತನ. ಅಂದಿನಿಂದ ನಮ್ಮ ಕೊಠಡಿಯ ಗೋಡೆಯ ಪಟ್ಟಿಯಲ್ಲಿ ಒಂದು ಸಾಲು ಸೇರಿದೆ: ಕ್ಲಿಪ್‌ಗೆ ಮೊದಲು ಗುರುತು ಮುಟ್ಟಿ. ಅಂಗದ ಮೇಲಿನ ಒಂದು ಗುರುತನ್ನು ಉಪಕರಣದ ತುದಿಯಿಂದ ಮುಟ್ಟಿ, ಚಿತ್ರದಲ್ಲೂ ಅದು ಅಲ್ಲೇ ಇದೆಯೇ ಎಂದು ನೋಡುವುದು. ಅದಕ್ಕೆ ನಾವಿಟ್ಟ ಹೆಸರು ‘ಅಕ್ಕನ ಗುಳ್ಳೆ’.

ಕಳೆದ ತಿಂಗಳು ತಪಾಸಣೆಗೆ ಬಂದ ಡ್ರೈವರ್, “ರಿಟೈರ್ ಆಗ್ತಿದ್ದೀರಂತೆ, ನನ್ನ ಕಿಡ್ನಿಗೆ ಒಂದು ಮಾತೂ ಹೇಳ್ಲಿಲ್ವಲ್ಲ” ಎಂದು ಮುನಿಸು ತೋರಿದರು. “ಎರಡಕ್ಕೂ ನೀವೇ ಹೇಳ್ಬಿಡಿ” ಎಂದರು ಅಕ್ಕ.

ಮೊನ್ನೆ ಸೋಮವಾರ ಅಕ್ಕ ಮೇಜಿನ ಬಳಿ ನಿಲ್ಲಲಿಲ್ಲ; ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಜಾಗದಲ್ಲಿ, ಕೆಲಸಕ್ಕೆ ಸೇರಿ ಮೂರು ತಿಂಗಳಾದ ದಾದಿ ಇದ್ದಳು. ವೈದ್ಯರು ಕೈ ಚಾಚಿದರು. ಹುಡುಗಿ ಕ್ಲಿಪ್ಪನ್ನು ಎದೆಯ ಹತ್ತಿರವೇ ಹಿಡಿದು, “ಗುಳ್ಳೆ ಮುಟ್ಟಿದ್ರಾ ಡಾಕ್ಟ್ರೇ?” ಎಂದಳು. ಅಕ್ಕ ರೋಗಿಯ ಕನ್ನಡಕವನ್ನು ಒರೆಸುತ್ತ ಹೊರಗೆ ನಡೆದರು.

ಇನ್ನು ಮೇಲೆ ವಾರಕ್ಕೆ ಎರಡು ಬೆಳಗ್ಗೆ ಬಂದು ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಆ ರಟ್ಟಿನ ಪೆಟ್ಟಿಗೆ, ಆ ಕಿತ್ತಳೆ ತೊಳೆ ಅವರಿಗಾಗಿ ಕಾದಿವೆ. ಅಕ್ಕನಿಗೆ ನೂರು ತುಂಬಲಿ, ಕಣ್ಣು ಹೀಗೇ ಚುರುಕಾಗಿರಲಿ; ಅವಸರದಲ್ಲಿ ಚಾಚಿದ ನಮ್ಮ ಕೈಗಳನ್ನು ಅಗತ್ಯ ಬಿದ್ದಾಗಲೆಲ್ಲ ಖಾಲಿ ನಿಲ್ಲಿಸುವವರು ಅವರ ಕೈಯಲ್ಲಿ ಇನ್ನೂ ಬಹಳ ಜನ ತಯಾರಾಗಲಿ.